ಭೋಗೋಪಭೋಗ ಪರಿಮಾಣವೂ ಕುಲಾಂತರಿ ಆಹಾರವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಡುಗೆಮನೆಗೂ ಅಂಗಡಿಗೂ ಅತ್ಯಂತ ಸಮೀಪವಾದುದು ಭೋಗೋಪಭೋಗ ಪರಿಮಾಣ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತಗಳಲ್ಲಿ ಸೇರಿಸಿದ್ದಾರೆ. ತತ್ತ್ವಾರ್ಥಸೂತ್ರದ ಕ್ರಮವನ್ನು ಅನುಸರಿಸುವವರು ಶಿಕ್ಷಾವ್ರತಗಳಲ್ಲಿ ಎಣಿಸುತ್ತಾರೆ. ಎಣಿಕೆಯ ಸ್ಥಾನ ಬೇರೆಯಾದರೂ ತಾತ್ಪರ್ಯದಲ್ಲಿ ಭೇದವಿಲ್ಲ. ಒಮ್ಮೆ ಅನುಭವಿಸಿದೊಡನೆ ಮುಗಿಯುವ ಅನ್ನಪಾನಾದಿಗಳು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ವಸ್ತ್ರಾದಿಗಳು ಉಪಭೋಗ. ಇವೆರಡಕ್ಕೂ ಎಲ್ಲೆ ಕಟ್ಟಿಕೊಳ್ಳುವುದೇ ಪರಿಮಾಣ. ಕಾಲದ ಮಿತಿಯಿಟ್ಟು ಕೈಗೊಂಡ ತ್ಯಾಗ ನಿಯಮವೆನಿಸುತ್ತದೆ, ಜೀವಾವಧಿಗೆ ಕೈಗೊಂಡದ್ದು ಯಮವೆನಿಸುತ್ತದೆ.

ಈಚಿನ ವರ್ಷಗಳಲ್ಲಿ ಚಾತುರ್ಮಾಸದ ಸಮಯದಲ್ಲಿ “ಕುಲಾಂತರಿ ಆಹಾರವನ್ನು ಸೇವಿಸುವುದಿಲ್ಲ” ಎಂಬ ನಿಯಮವನ್ನು ಕೈಗೊಳ್ಳುವ ಶ್ರಾವಕ ಶ್ರಾವಿಕೆಯರೂ ಇದ್ದಾರೆ. ಅವರ ಭಾವನೆ ಶ್ಲಾಘ್ಯವಾದುದೇ. ಆದರೆ ಪ್ರತ್ಯಾಖ್ಯಾನಕ್ಕೆ ಮೊದಲು ಬೇಕಾದುದು ತ್ಯಜಿಸುವ ವಸ್ತುವಿನ ಪರಿಜ್ಞಾನ. ಬೆಲ್ಲವನ್ನು ಬಿಟ್ಟವನಿಗೆ ಬೆಲ್ಲ ಯಾವುದೆಂದು ತಿಳಿದಿರುತ್ತದೆ. ಕುಲಾಂತರಿಯನ್ನು ಬಿಟ್ಟವನಿಗೆ ಅದು ಯಾವುದೆಂದು ಕಣ್ಣಿಗೂ ನಾಲಗೆಗೂ ತಿಳಿಯುವುದಿಲ್ಲ. ಸಂತೆಯಲ್ಲಿ ದಪ್ಪ ಟೊಮ್ಯಾಟೊವನ್ನು ಕಂಡು ಹಿಂದೆ ಸರಿದ ಶ್ರಾವಿಕೆಯು ಅದೇ ಸಂಜೆ ಬೇಕರಿಯ ಖಾರದ ಪೊಟ್ಟಣವನ್ನು ನಿಶ್ಚಿಂತೆಯಿಂದ ಮನೆಗೆ ತರುವುದುಂಟು. ಬಿಡಬೇಕಾಗಿಲ್ಲದ್ದನ್ನು ಬಿಟ್ಟು, ಬಿಟ್ಟೆನೆಂದುಕೊಂಡದ್ದನ್ನು ತಿಂದಂತಾಯಿತು.

ಹಾಗಾದರೆ ಕುಲಾಂತರಿ ಎಂದರೇನು? ಒಂದು ಜೀವಿಯ ವಂಶವಾಹಿಯ ತುಣುಕನ್ನು, ಸಹಜವಾದ ಸಂಕರದಿಂದ ಎಂದೂ ಸೇರಲಾರದ ಮತ್ತೊಂದು ಜೀವಿಯಲ್ಲಿ ಪ್ರಯೋಗಶಾಲೆಯಲ್ಲಿ ಸೇರಿಸಿ ಪಡೆದ ತಳಿಗೆ ಈ ಹೆಸರು ಸಾಮಾನ್ಯವಾಗಿ ಸಲ್ಲುತ್ತದೆ. ಒಂದು ಜೋಳದ ಪರಾಗವನ್ನು ಇನ್ನೊಂದು ಜೋಳಕ್ಕೆ ಹಚ್ಚಿ ಪಡೆದ ಹೈಬ್ರಿಡ್ ಬೀಜ ಕುಲಾಂತರಿಯಲ್ಲ. ಬೀಜವಿಲ್ಲದ ದ್ರಾಕ್ಷಿ, ಬೀಜವಿಲ್ಲದ ಕಲ್ಲಂಗಡಿ, ಅಂಗಡಿಯ ದಪ್ಪ ಟೊಮ್ಯಾಟೊ, ತೈವಾನ್ ಪಪ್ಪಾಯಿ ಎಂದು ಮಾರುವ ಕೆಂಪು ತಿರುಳಿನ ಹಣ್ಣು, ಇವಾವುವೂ ಕುಲಾಂತರಿಗಳಲ್ಲ. ಟೊಮ್ಯಾಟೊವಿನಲ್ಲಿ ಮೀನಿನ ಅಂಶವಿದೆಯೆಂಬ ಮಾತು ಜೈನ ಮನೆಗಳಲ್ಲಿ ಬಹಳವಾಗಿ ಹರಡಿದೆ. ಅಮೆರಿಕದ ಒಂದು ಸಂಸ್ಥೆಯು 1990ರ ದಶಕದ ಆರಂಭದಲ್ಲಿ ಶೀತಸಮುದ್ರದ ಮೀನಿನ ವಂಶವಾಹಿಯನ್ನು ಟೊಮ್ಯಾಟೊವಿಗೆ ಸೇರಿಸಿ ಪ್ರಯೋಗ ಮಾಡಿದ್ದು ನಿಜ. ಆದರೆ ಅದು ಎಂದೂ ಮಾರಾಟಕ್ಕೆ ಬರಲಿಲ್ಲ. 1994ರಲ್ಲಿ ಅಮೆರಿಕದ ಅಂಗಡಿಗೆ ಬಂದ ‘ಫ್ಲೇವರ್ ಸೇವರ್’ ಎಂಬ ಟೊಮ್ಯಾಟೊ ಬೇರೆಯದು. ಅದರಲ್ಲಿ ಮೀನಿನ ಸಂಬಂಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದೂ ಮಾರುಕಟ್ಟೆಯಿಂದ ಮರೆಯಾಯಿತು. ಇಲ್ಲದ ಮೀನಿಗೆ ಹೆದರಿ ಟೊಮ್ಯಾಟೊವನ್ನು ಬಿಡಬೇಕಾದುದಿಲ್ಲ.

ಈಗ ಶಾಸ್ತ್ರದ ಕಡೆಗೆ ತಿರುಗಬಹುದು. ದಿಗಂಬರ ಶ್ರಾವಕಾಚಾರ ಪರಂಪರೆಯಲ್ಲಿ ಅಭಕ್ಷ್ಯವನ್ನು ಐದು ಬಗೆಯಾಗಿ ವಿಂಗಡಿಸುವುದು ವಾಡಿಕೆ: ತ್ರಸಘಾತ, ಬಹುಘಾತ, ಪ್ರಮಾದಕಾರಕ, ಅನಿಷ್ಟ, ಅನುಪಸೇವ್ಯ. ಹೊಸ ವಸ್ತು ಎದುರಾದಾಗ ಈ ಐದು ಒರೆಗಲ್ಲುಗಳ ಮೇಲೆ ತಿಕ್ಕಿ ನೋಡುವುದೇ ಕ್ರಮ.

ಮೊದಲನೆಯದರಲ್ಲಿಯೇ ವಿಚಾರ ಗಹನವಾಗಿದೆ. ನಮ್ಮ ದೇಶದ ಬಿಟಿ ಹತ್ತಿಯಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಸೇರಿಸಲಾಗಿದೆ. ಅದರ ಫಲವಾಗಿ ಗಿಡವೇ ಒಂದು ಬಗೆಯ ಪ್ರೋಟೀನನ್ನು ತಯಾರಿಸುತ್ತದೆ. ಕಾಯಿಕೊರಕ ಹುಳು ಅದನ್ನು ತಿಂದಾಗ ಆ ಪ್ರೋಟೀನು ಹುಳುವಿನ ಕರುಳಿನ ಗೋಡೆಯನ್ನು ತೂತುಗೊಳಿಸಿ ಕೊಲ್ಲುತ್ತದೆ. ಅಂದರೆ ತ್ರಸಜೀವಕ್ಕೆ ಮಾರಕವಾದ ವಸ್ತುವನ್ನು ಗಿಡದ ಶರೀರದಲ್ಲಿಯೇ ಇಟ್ಟಂತೆ. ತ್ರಸಘಾತವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕೆ, ಎಂದು ಕೆಲವರು ಕೇಳುತ್ತಾರೆ.

ಇಲ್ಲಿ ಒಂದು ಶಂಕೆ ಏಳುತ್ತದೆ. ಬಿಟಿಯಲ್ಲದ ಹತ್ತಿಗೂ ಬದನೆಗೂ ರೈತನು ಕೀಟನಾಶಕವನ್ನು ಸಿಂಪಡಿಸುತ್ತಾನಲ್ಲವೆ? ಅದರಿಂದ ಸಾಯುವ ಜೀವಗಳು ಕಾಯಿಕೊರಕ ಒಂದೇ ಅಲ್ಲ. ಜೇನು, ಜೇಡ, ಎರೆಹುಳು ಎಲ್ಲವೂ ಬಾಧೆಗೊಳ್ಳುತ್ತವೆ. ಸಮಾಧಾನವೇನೆಂದರೆ, ಶಂಕೆ ಸರಿಯಾದುದೇ. ಬಿಟಿ ಹತ್ತಿ ಬಂದ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕಾಗಿ ಹೊಡೆಯುವ ಔಷಧ ಕಡಿಮೆಯಾಯಿತು. ಮುಂದೆ ಗುಲಾಬಿ ಕಾಯಿಕೊರಕವು ಆ ಪ್ರೋಟೀನಿಗೆ ನಿರೋಧ ಪಡೆದುಕೊಂಡಿತು, ರಸ ಹೀರುವ ಕೀಟಗಳ ಕಾಟವೂ ಇತ್ತು, ರೈತನ ಕೈಗೆ ಸಿಂಪರಣೆಯ ಪಂಪು ಮರಳಿ ಬಂದಿತು. ಆದುದರಿಂದ ಒಂದು ಪಕ್ಷವನ್ನು ಹಿಂಸೆಯೆಂದೂ ಮತ್ತೊಂದನ್ನು ಅಹಿಂಸೆಯೆಂದೂ ಸುಲಭವಾಗಿ ಹೇಳಿಬಿಡುವುದು ನ್ಯಾಯವಲ್ಲ. ಕುಲಾಂತರಿಯಲ್ಲದ್ದನ್ನು ಆರಿಸಿಕೊಂಡು, ಅದು ವಿಷದಲ್ಲಿ ಮಿಂದು ಬಂದದ್ದೇ ಎಂದು ವಿಚಾರಿಸದವನು ವ್ರತದ ಅರ್ಧವನ್ನು ಮಾತ್ರ ಪಾಲಿಸಿದವನು. ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ಹೇಳಿದ ಖರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಬಹುಘಾತದ ಮಾತು ಇಲ್ಲಿ ಹೆಚ್ಚಿಲ್ಲ. ಆಲೂಗಡ್ಡೆ ಕುಲಾಂತರಿಯಾಗಿರಲಿ ಬಿಡಲಿ, ಕಂದಮೂಲ ತ್ಯಾಗಿಗೆ ಅದು ಮೊದಲೇ ವರ್ಜ್ಯ. ಪ್ರಮಾದಕಾರಕವೆನ್ನಲು ಆಧಾರವಿಲ್ಲ. ಅನಿಷ್ಟ, ಅಂದರೆ ದೇಹಕ್ಕೆ ಹಿತವಲ್ಲದ್ದು, ಎಂಬ ವಿಷಯದಲ್ಲಿ ಪ್ರಾಮಾಣಿಕತೆ ಬೇಕು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳು ಸುರಕ್ಷತಾ ಪರೀಕ್ಷೆಯನ್ನು ದಾಟಿಬಂದವು, ಅವುಗಳಿಂದ ಆರೋಗ್ಯಕ್ಕೆ ಅಪಾಯವಾಗುವ ಸಂಭವವಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕೆಂದೂ ಅದೇ ಸಂಸ್ಥೆ ಹೇಳುತ್ತದೆ. ವ್ರತವನ್ನು ರೋಗಭೀತಿಯ ಮೇಲೆ ಕಟ್ಟಿದರೆ ಭೀತಿ ಹೋದ ದಿನ ವ್ರತವೂ ಹೋಗುತ್ತದೆ.

ಉಳಿದದ್ದು ಅನುಪಸೇವ್ಯ, ಶಿಷ್ಟರು ಸೇವಿಸಲು ಯೋಗ್ಯವಲ್ಲದ್ದು. ಅನೇಕರ ಮನಸ್ಸು ಹಿಂಜರಿಯುವುದು ಇಲ್ಲಿಯೇ. ಒಂದು ಕುಲದ ಅಂಶ ಇನ್ನೊಂದರಲ್ಲಿ ಸೇರಿದೆಯೆಂದರೆ ಏನೋ ಅಶುಚಿಯೆಂಬ ಭಾವ. ಆದರೆ ವಂಶವಾಹಿಯು ಜೀವವಲ್ಲ, ಪುದ್ಗಲ. ಶರೀರದ ಒಂದು ಸೂಕ್ಷ್ಮ ಸ್ಕಂಧ. ಅದನ್ನು ಸೇರಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯದ ಆತ್ಮವು ಹತ್ತಿಗಿಡದೊಳಗೆ ಹೊಕ್ಕಿತೆನ್ನುವಂತಿಲ್ಲ. ಹಾಗೆಂದು ಪುದ್ಗಲವೆಂಬ ಕಾರಣಕ್ಕೆ ಎಲ್ಲವೂ ಭಕ್ಷ್ಯವೂ ಅಲ್ಲ, ಮಾಂಸವೂ ಪುದ್ಗಲವೇ. ಅದು ಎಲ್ಲಿಂದ ಬಂತು, ಯಾರ ಘಾತದಿಂದ ಬಂತು ಎಂಬುದನ್ನು ನೋಡಿಯೇ ನಿರ್ಣಯ. ಆಗಮದಲ್ಲಿ ನೇರವಾದ ನಿಷೇಧವಿಲ್ಲದಿರುವುದರಿಂದ ಕುಲಾಂತರಿ ತ್ಯಾಗವು ಮೂಲಗುಣವಲ್ಲ, ಸ್ವೇಚ್ಛೆಯಿಂದ ಕೈಗೊಳ್ಳುವ ನಿಯಮ. ಅದನ್ನು ಪಾಲಿಸದವರನ್ನು ಹೀಗಳೆಯುವ ಅಧಿಕಾರ ಪಾಲಿಸುವವರಿಗೆ ದೊರೆಯುವುದಿಲ್ಲ.

ಈಗ ಅಂಗಡಿಯ ಮಾತು. ಭಾರತದಲ್ಲಿ ವಾಣಿಜ್ಯ ಕೃಷಿಗೆ ಅನುಮತಿ ಪಡೆದು ಹೊಲದಲ್ಲಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಹತ್ತಿಯೊಂದೇ. ಅನುಮತಿ ದೊರೆತದ್ದು 2002ರಲ್ಲಿ. ಇಂದು ದೇಶದ ಹತ್ತಿಯ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಬಿಟಿ. ಹತ್ತಿಯನ್ನು ಯಾರೂ ತಿನ್ನುವುದಿಲ್ಲವೆಂದು ತಳ್ಳಿಹಾಕುವಂತಿಲ್ಲ. ಅರಳೆಯನ್ನು ಬಿಡಿಸಿದ ಮೇಲೆ ಉಳಿಯುವ ಬೀಜದಿಂದ ಎಣ್ಣೆ ತೆಗೆಯುತ್ತಾರೆ. ಗುಜರಾತಿನಲ್ಲಿ ಅದು ಮನೆಯ ಅಡುಗೆಯ ಎಣ್ಣೆ. ಇತರೆಡೆಗಳಲ್ಲಿ ಕರಿದ ತಿಂಡಿಗಳ, ಮಿಶ್ರ ಎಣ್ಣೆಗಳ, ವನಸ್ಪತಿಯ ಮೂಲಕ ಹೊಟ್ಟೆ ಸೇರುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2018ರಲ್ಲಿ ಅಂಗಡಿಗಳಿಂದ ತಂದ 65 ಆಹಾರ ಮಾದರಿಗಳನ್ನು ಪರೀಕ್ಷಿಸಿದಾಗ 21ರಲ್ಲಿ ಕುಲಾಂತರಿ ಅಂಶ ಕಂಡುಬಂದಿತು. ಅವುಗಳಲ್ಲಿ 16 ವಿದೇಶದಿಂದ ಬಂದವು. ದೇಶದಲ್ಲಿ ತಯಾರಾದ ಉಳಿದ ಐದೂ ಹತ್ತಿಬೀಜದ ಎಣ್ಣೆಗಳೇ. ಶ್ರಾವಕನು ಎಲ್ಲಿ ನೋಡಬೇಕೆಂಬುದನ್ನು ಈ ಒಂದು ಲೆಕ್ಕವೇ ತೋರಿಸುತ್ತದೆ: ಮೊದಲು ಎಣ್ಣೆ, ಅನಂತರ ಹಡಗಿನಿಂದ ಇಳಿದ ಪೊಟ್ಟಣ.

ಬದನೆಯ ಕಥೆ ಕರ್ನಾಟಕಕ್ಕೆ ಹತ್ತಿರದ್ದು. ಬಿಟಿ ಬದನೆಯ ತಳಿಗಳನ್ನು ರೂಪಿಸುವಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಭಾಗಿಯಾಗಿತ್ತು. ಉಡುಪಿಯ ಗುಳ್ಳದಂತಹ ನಾಡತಳಿಗಳೂ ಆ ಪ್ರಯೋಗದಲ್ಲಿದ್ದವು. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದ ಬಳಿಕ ಕೇಂದ್ರದ ಪರಿಸರ ಸಚಿವ ಜೈರಾಂ ರಮೇಶ್ ಅವರು 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು. ಬಾಂಗ್ಲಾದೇಶದಲ್ಲಿ 2014ರಿಂದ ಅದರ ಬೇಸಾಯ ನಡೆದಿದೆ. 2019ರಲ್ಲಿ ಹರಿಯಾಣದ ಒಂದು ಹೊಲದಲ್ಲಿ ಅನುಮತಿಯಿಲ್ಲದೆ ಬೆಳೆದದ್ದು ಪತ್ತೆಯಾಯಿತು. ಇಷ್ಟಾದರೂ ನಮ್ಮ ಸಂತೆಯ ಬದನೆಯನ್ನು ಕುಲಾಂತರಿಯೆಂದು ಶಂಕಿಸಲು ಸಾಮಾನ್ಯವಾಗಿ ಕಾರಣವಿಲ್ಲ. ಬಹುಬೀಜವೆಂದು ಬದನೆಯನ್ನು ಮೊದಲೇ ಬಿಟ್ಟವರಿಗಂತೂ ಈ ಚರ್ಚೆಯೇ ಬೇಡ.

ಸಾಸಿವೆಯ ವಿಷಯ ನ್ಯಾಯಾಲಯದಲ್ಲಿದೆ. ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರಿನಲ್ಲಿ ಸರ್ಕಾರಿ ಸಮ್ಮತಿ ದೊರೆಯಿತು. 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಒಗ್ಗರಣೆಯ ಸಾಸಿವೆಯಲ್ಲಿ ಅದು ಸೇರಿಲ್ಲ.

ಎಣ್ಣೆಯನ್ನು ಕೊಳ್ಳುವವರು ಹೀಗೆ ನಡೆದುಕೊಳ್ಳಬಹುದು. ಶೇಂಗಾ, ಎಳ್ಳು, ಕೊಬ್ಬರಿ, ಕುಸುಬೆ, ಹುಚ್ಚೆಳ್ಳು, ಸೂರ್ಯಕಾಂತಿ, ಇವುಗಳ ಕುಲಾಂತರಿ ಬೆಳೆಗೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಪರಿಚಯದ ಗಾಣದಿಂದ ಕಣ್ಣೆದುರಿಗೆ ಹಿಂಡಿಸಿದ ಶೇಂಗಾ ಎಣ್ಣೆ ನಿಸ್ಸಂದೇಹವಾದುದು. ಸೋಯಾ ಎಣ್ಣೆಯಲ್ಲಿ ವಿಚಿತ್ರವೊಂದುಂಟು. ಭಾರತದ ಹೊಲದಲ್ಲಿ ಬೆಳೆಯುವ ಸೋಯಾ ಅವರೆ ಕುಲಾಂತರಿಯಲ್ಲ. ಆದುದರಿಂದ ದೇಶೀಯ ಕಾಳಿನಿಂದ ಮಾಡಿದ ಸೋಯಾ ಉಂಡೆಗಳಿಗೆ ದೋಷವಿಲ್ಲ. ಆದರೆ ಸೋಯಾ ಎಣ್ಣೆ ಬಹುಪಾಲು ಅರ್ಜೆಂಟೀನ, ಬ್ರೆಜಿಲ್ ದೇಶಗಳಿಂದ ಬರುತ್ತದೆ, ಅಲ್ಲಿನ ಬೆಳೆ ಹೆಚ್ಚುಕಡಿಮೆ ಎಲ್ಲವೂ ಕುಲಾಂತರಿ. ಕಾಳು ನಿರ್ದೋಷಿ, ಎಣ್ಣೆ ಸಂಶಯಾಸ್ಪದ! ಕೆನಡಾದಿಂದ ಬರುವ ಕನೋಲಾ ಎಣ್ಣೆಗೂ ಇದೇ ನ್ಯಾಯ. ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಪ್ರೋಟೀನಾಗಲಿ ವಂಶವಾಹಿಯಾಗಲಿ ಉಳಿಯುವುದು ಅತ್ಯಲ್ಪ. ಆದರೂ ಮೂಲವನ್ನು ನೋಡಿ ನಡೆಯುವ ವ್ರತಿಗೆ ಅದು ಸಮಾಧಾನವಾಗಲಾರದು.

ಮೆಕ್ಕೆಜೋಳವೂ ಹೀಗೆಯೇ. ದೇಶೀಯ ಜೋಳದ ಹಿಟ್ಟು, ಹುರಿಯರಳು ಕುಲಾಂತರಿಯಲ್ಲ; ಅಮೆರಿಕದಿಂದ ಬಂದ ಜೋಳದ ಚಿಪ್ಸು ಬಹುತೇಕ ಕುಲಾಂತರಿ. ಚಾಕಲೇಟು, ಬಿಸ್ಕತ್ತುಗಳ ಹೊದಿಕೆಯ ಮೇಲೆ 322 ಎಂಬ ಸಂಖ್ಯೆಯಿದ್ದರೆ ಅದು ಲೆಸಿತಿನ್. ಹೆಚ್ಚಾಗಿ ಸೋಯಾದಿಂದ ತೆಗೆದದ್ದು. ಬೀಜದ ಮೂಲವನ್ನು ಹೊದಿಕೆ ಹೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ವಿಚಾರ ಬೇಡುವುದು ಚೀಸ್. ಹಾಲನ್ನು ಹೆಪ್ಪುಗಟ್ಟಿಸಲು ಹಿಂದೆ ಎಳೆಗರುವಿನ ಜಠರದಿಂದ ತೆಗೆದ ರೆನ್ನೆಟ್ಟನ್ನು ಬಳಸುತ್ತಿದ್ದರು. ಅದು ಸ್ಪಷ್ಟವಾಗಿ ಪಂಚೇಂದ್ರಿಯ ಘಾತ. ಆ ಕೆಲಸ ಮಾಡುವ ಕೈಮೋಸಿನ್ ಎಂಬ ಕಿಣ್ವದ ವಂಶವಾಹಿಯನ್ನು ಕರುವಿನಿಂದ ಪ್ರತಿ ಮಾಡಿ, ಬ್ಯಾಕ್ಟೀರಿಯ ಅಥವಾ ಶಿಲೀಂಧ್ರದಲ್ಲಿ ಸೇರಿಸಿ, ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಕಿಣ್ವವನ್ನು ಪಡೆಯುವ ವಿಧಾನಕ್ಕೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ದೊರೆಯಿತು. ಇಂದು ಯಾವ ಕರುವನ್ನೂ ಅದಕ್ಕಾಗಿ ಕೊಲ್ಲುವುದಿಲ್ಲ. ಇಲ್ಲಿ ವ್ರತಿಯ ಎರಡು ತ್ಯಾಗಗಳು ಒಂದಕ್ಕೊಂದು ಎದುರಾಗುತ್ತವೆ. ಕುಲಾಂತರಿಯೆಂದು ಇದನ್ನು ಬಿಟ್ಟು ‘ಸಾಂಪ್ರದಾಯಿಕ’ ಎಂಬ ವಿದೇಶೀ ಚೀಸನ್ನು ಕೊಂಡವನು ಕರುವಿನ ಜಠರವನ್ನೇ ಕೊಂಡಂತಾಗಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ನೋಡಿದರೂ ಕರುವಿನ ವಧೆಯೇ ಗುರುತರ ದೋಷ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಪ್ರಯೋಗಶಾಲೆಯ ಕಿಣ್ವವೇ ಲಘು. ಶಿಲೀಂಧ್ರವೊಂದರಿಂದ ಸಹಜವಾಗಿಯೇ ದೊರೆಯುವ ಮೂರನೆಯ ಬಗೆಯ ಹೆಪ್ಪೂ ಇದೆ. ಆದರೆ ‘ಮೈಕ್ರೋಬಿಯಲ್’ ಎಂಬ ಒಂದೇ ಮಾತಿನಿಂದ ಎರಡನ್ನೂ ಕರೆಯುವುದುಂಟು, ಹಸಿರು ಚುಕ್ಕಿಯೂ ಇವೆರಡರ ಭೇದವನ್ನು ತಿಳಿಸುವುದಿಲ್ಲ. ನಿಂಬೆರಸದಿಂದ ಒಡೆಸಿದ ಪನೀರಿಗೆ ಈ ಯಾವ ತೊಡಕೂ ಇಲ್ಲ. ಚೀಸ್ ಇಲ್ಲದೆ ಜೈನರ ಅಡುಗೆ ಶತಮಾನಗಳ ಕಾಲ ನಡೆದುಬಂದಿತೆಂಬುದನ್ನೂ ಹೇಳಬೇಕು.

ಕಾನೂನು ಏನನ್ನು ಒದಗಿಸಿದೆ? ಕುಲಾಂತರಿ ಆಹಾರವಿರುವ ಪೊಟ್ಟಣದ ಮುಖಭಾಗದ ಮೇಲ್ತುದಿಯಲ್ಲಿ ‘ಜಿಎಂ’ ಎಂದು ಮುದ್ರಿಸಬೇಕೆಂಬ ನಿಯಮ 2013ರ ಜನವರಿ 1ರಿಂದ ಜಾರಿಗೆ ಬಂದಿತು. ಅಂಗಡಿಯಲ್ಲಿ ಆ ಎರಡಕ್ಷರವನ್ನು ಕಂಡವರು ವಿರಳ. ಮುದ್ರೆ ಇಲ್ಲವೆಂದ ಮಾತ್ರಕ್ಕೆ ಅಂಶ ಇಲ್ಲವೆಂದು ತಿಳಿಯುವುದು ಭ್ರಮೆ. ಮೇಲೆ ಹೇಳಿದ ಐದು ಎಣ್ಣೆಗಳೇ ಇದಕ್ಕೆ ಸಾಕ್ಷಿ. 2021ರ ಮಾರ್ಚ್ 1ರಿಂದ ಅಕ್ಕಿ, ಗೋಧಿ, ಮೆಕ್ಕೆಜೋಳ, ಸೋಯಾ, ಸೇಬು, ಪಪ್ಪಾಯಿ ಮೊದಲಾದ 24 ಬೆಳೆಗಳ ಆಮದಿಗೆ ಕುಲಾಂತರಿಯಲ್ಲವೆಂಬ ಪ್ರಮಾಣಪತ್ರವನ್ನು ಆಹಾರ ಸುರಕ್ಷತಾ ಪ್ರಾಧಿಕಾರವು ಕಡ್ಡಾಯ ಮಾಡಿದೆ. ಅದರಲ್ಲಿಯೂ ಶೇಕಡಾ 1ರಷ್ಟು ಆಕಸ್ಮಿಕ ಬೆರಕೆಗೆ ವಿನಾಯಿತಿಯಿದೆ. ಸಾವಯವ ಪ್ರಮಾಣೀಕರಣದಲ್ಲಿ ಕುಲಾಂತರಿ ಬೀಜ ನಿಷಿದ್ಧವಾದುದರಿಂದ ‘ಜೈವಿಕ್ ಭಾರತ್’ ಮುದ್ರೆಯನ್ನು ನೋಡಿ ಕೊಳ್ಳುವುದು ಹೆಚ್ಚು ಭರವಸೆಯ ದಾರಿ. ಬೆಲೆ ಹೆಚ್ಚು ಎಂಬುದು ಬೇರೆ ಮಾತು. ಹಣ್ಣಿನ ಮೇಲಿನ ಚೀಟಿಯ ಸಂಖ್ಯೆ 8ರಿಂದ ಆರಂಭವಾದರೆ ಕುಲಾಂತರಿ ಎಂದು ಹೇಳುವವರಿದ್ದಾರೆ. ಆ ಸಂಖ್ಯೆಯನ್ನು ಹಾಗೆಂದು ಕಾದಿರಿಸಿದ್ದುಂಟು, ಅಂಗಡಿಗಳಲ್ಲಿ ಬಳಕೆಗೆ ಬರಲಿಲ್ಲ.

ಅಮೆರಿಕದಲ್ಲಿ ನೆಲಸಿದ ಕನ್ನಡ ಜೈನ ಕುಟುಂಬಗಳಿಗೆ ಪರಿಸ್ಥಿತಿ ಬೇರೆ. ಅಲ್ಲಿ ಸೋಯಾ, ಮೆಕ್ಕೆಜೋಳ, ಹತ್ತಿ, ಕನೋಲಾ, ಸಕ್ಕರೆಗಡ್ಡೆಗಳು ಬಹುತೇಕ ಕುಲಾಂತರಿಗಳೇ. 2022ರ ಜನವರಿ 1ರಿಂದ ‘ಬಯೋಎಂಜಿನಿಯರ್ಡ್’ ಎಂಬ ಪ್ರಕಟಣೆ ಕಡ್ಡಾಯವಾಯಿತು. ಸಕ್ಕರೆಯ ವಿಷಯದಲ್ಲಿ ಅಲ್ಲಿನ ಶ್ರಾವಕರು ಎರಡು ಬಾರಿ ಎಚ್ಚರವಾಗಿರಬೇಕು: ಅಲ್ಲಿ ತಯಾರಾಗುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದೊಳಗೆ ಬೆಳೆಯುವ ಗಡ್ಡೆಯಿಂದ ಬರುತ್ತದೆ. ಕುಲಾಂತರಿ ತ್ಯಾಗವಿಲ್ಲದವನಿಗೂ ಕಂದಮೂಲ ತ್ಯಾಗವಿದ್ದರೆ ಅಲ್ಲಿ ‘ಕಬ್ಬಿನ ಸಕ್ಕರೆ’ ಎಂಬ ಬರಹವನ್ನು ಓದಿಯೇ ಕೊಳ್ಳುವುದು ಲೇಸು. ನಮ್ಮಲ್ಲಿ ಸಕ್ಕರೆ ಕಬ್ಬಿನದೇ ಆದ್ದರಿಂದ ಈ ಪ್ರಶ್ನೆ ಏಳುವುದಿಲ್ಲ.

ಇನ್ನು ಹಾಲು. ಹತ್ತಿಕಾಳಿನ ಹಿಂಡಿಯನ್ನು ದೇಶದಾದ್ಯಂತ ಹಸು ಎಮ್ಮೆಗಳಿಗೆ ತಿನ್ನಿಸುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರವು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ಮೇವಿಗಾಗಿ ತರಿಸಲು ಒಪ್ಪಿಗೆ ಕೊಟ್ಟಿತ್ತು. ಹಿಂಡಿ ತಿಂದ ಹಸುವಿನ ಹಾಲು ಕುಲಾಂತರಿಯಲ್ಲ. ಆದರೆ ಬೇರಿನ ತನಕ ಹೋಗುತ್ತೇನೆಂದು ಹೊರಟವನು ಹಾಲು, ಮೊಸರು, ತುಪ್ಪಗಳ ಎದುರಿಗೆ ನಿಂತುಬಿಡುತ್ತಾನೆ. ಉಟ್ಟ ಪಂಚೆಯೂ ಬಸದಿಯ ದೀಪದ ಬತ್ತಿಯೂ ಅದೇ ಹತ್ತಿಯದು. ಪರಿಮಾಣವೆಂಬ ಪದಕ್ಕೆ ಅರ್ಥ ಬರುವುದು ಇಂತಹ ಕಡೆಯಲ್ಲಿಯೇ. ಎಲ್ಲಿಯವರೆಗೆ ಎಂದು ಮೊದಲೇ ಗೆರೆ ಎಳೆಯದೆ ಕೈಗೊಂಡ ನಿಯಮವು ಮೊದಲ ವಾರ ಅತ್ಯುತ್ಸಾಹದಿಂದಲೂ ನಾಲ್ಕನೆಯ ವಾರ ಮರೆವಿನಿಂದಲೂ ಕೆಡುತ್ತದೆ.

ಆದಕಾರಣ ನಿಯಮವನ್ನು ಕೈಗೊಳ್ಳುವವರು ಅದರ ಮಾತುಗಳನ್ನು ಬಿಡಿಸಿ ಹೇಳಿಕೊಳ್ಳಬೇಕು. “ಇಂತಿಷ್ಟು ಕಾಲದವರೆಗೆ ಹತ್ತಿಬೀಜದ ಎಣ್ಣೆ, ಸೋಯಾ ಎಣ್ಣೆ, ಕನೋಲಾ ಎಣ್ಣೆ, ಮತ್ತು ಇವು ಸೇರಿವೆಯೆಂದು ಹೊದಿಕೆಯಿಂದ ತಿಳಿಯುವ ಪದಾರ್ಥಗಳನ್ನು ಆಹಾರವಾಗಿ ಕೊಳ್ಳುವುದಿಲ್ಲ, ಬಡಿಸುವುದಿಲ್ಲ, ಪಶುಗಳ ಮೇವು ಮತ್ತು ವಸ್ತ್ರ ಈ ಎಲ್ಲೆಯ ಹೊರಗೆ” ಎಂದರೆ ಪಾಲಿಸಲು ಸಾಧ್ಯವಾದ ನಿಯಮವಾಯಿತು. ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ಮೊದಲು ಕೈಗೊಂಡು, ಮನೆಯವರಿಗೆಲ್ಲ ಒಗ್ಗಿದ ಮೇಲೆ ಅವಧಿಯನ್ನು ಬೆಳೆಸುವುದು ವಿವೇಕ. ಅಡುಗೆ ಮಾಡುವವರನ್ನು ಕೇಳದೆ ಮನೆಯ ಯಜಮಾನನೊಬ್ಬನೇ ನಿಯಮವನ್ನು ತಂದರೆ ಅದರ ಭಾರವೆಲ್ಲ ಬೇರೊಬ್ಬರ ಹೆಗಲಿಗೆ ಬೀಳುತ್ತದೆಂಬುದನ್ನೂ ನೆನಪಿಡಬೇಕು.

ತಿಳಿಯದೆ ತಿಂದುದಕ್ಕೆ ಏನು ಗತಿ ಎಂಬುದು ಕೊನೆಯ ಶಂಕೆ. ಶ್ವೇತಾಂಬರ ಪರಂಪರೆಯ ಪಚ್ಚಕ್ಖಾಣಗಳಲ್ಲಿ ಅನಾಭೋಗ, ಸಹಸಾಕಾರ ಎಂಬ ಆಗಾರಗಳಿವೆ. ಅರಿವಿಲ್ಲದೆ ಆದದ್ದೂ ತಟ್ಟನೆ ತಾನಾಗಿ ಆದದ್ದೂ ಭಂಗವೆನಿಸುವುದಿಲ್ಲ. ದಿಗಂಬರ ಆಚಾರ್ಯರೂ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿ ಮನಸ್ಸಿನ ಸ್ಥಿತಿಗೆ ತಕ್ಕಂತೆ ದೋಷವನ್ನು ತೂಗಿದ್ದಾರೆ. ಬಂಧುಗಳ ಮದುವೆಯಲ್ಲಿ ಬಡಿಸಿದ ಪೂರಿಯನ್ನು ತಿಂದ ಮೇಲೆ ಅದು ಹತ್ತಿಬೀಜದ ಎಣ್ಣೆಯಲ್ಲಿ ಕರಿದದ್ದೆಂದು ಗೊತ್ತಾದರೆ ಅದು ವ್ರತಭಂಗವಲ್ಲ. ಸಂಜೆಯ ಪ್ರತಿಕ್ರಮಣದಲ್ಲಿ ಆಲೋಚನೆ ಮಾಡಿದರೆ ಸಾಕು. ಗೊತ್ತಾದ ಮೇಲೂ ಎಲೆಯಲ್ಲಿ ಉಳಿದ ಎರಡನೆಯ ಪೂರಿಗೆ ಕೈ ಹಾಕಿದರೆ ಲೆಕ್ಕ ಬೇರೆ. ಹಾಗೆಂದು ಬಡಿಸಿದವರ ಎದುರಿಗೆ ಎಣ್ಣೆಯ ಡಬ್ಬಿಯ ವಿಚಾರಣೆ ನಡೆಸುವುದೂ ಸಲ್ಲದು. ಎಲೆಯ ಅಂಚಿಗೆ ಸರಿಸಿ ಅನ್ನಕ್ಕೆ ಹೋಗುವುದೇ ಸಭ್ಯತೆ.